ಅಂಚಿನ ಅಂಕಿಗಳು

ಜನವರಿ 8

ಅಕ್ಕಾ,

ಲಾರಿಯಲ್ಲಿ ಎರಡು ಚೀಲ ಕಳಿಸಿದ್ದೇನೆ. ದೊಡ್ಡದರಲ್ಲಿ ಖಾಲಿ ಡಿಸ್ಕುಗಳಿವೆ. ಸಣ್ಣದರಲ್ಲಿ ನೀನು ಕೇಳಿದ ಉಣ್ಣೆಯ ಕಾಲುಚೀಲ, ಬೆಂಕಿಪೊಟ್ಟಣ, ಪೆನ್ಸಿಲ್. ಒಂದು ಡಜನ್ ಪೆನ್ಸಿಲ್ ಯಾಕೆ ಬೇಕಾಯಿತೋ ನಿನಗೇ ಗೊತ್ತು. ಗೋಡೆಗೆ ಚಿತ್ರ ಬರೆಯುತ್ತಿದ್ದೀಯಾ?

ಈ ವರ್ಷದ ಅಳತೆ ಶುರುವಾಯಿತು. ದೊಡ್ಡ ಮೇಡಂ ಎಂದಿನಂತೆ ಎಲ್ಲರನ್ನೂ ಕೂರಿಸಿ, ಲಕೋಟೆಗೆ ಅರಗು ಹಾಕಿ, ಕಬ್ಬಿಣದ ಬೀರುವಿನಲ್ಲಿಟ್ಟರು. ಹೊಸದಾಗಿ ಸೇರಿದವಳೊಬ್ಬಳು ಇದೇನು ಪೂಜೆ ಎಂಬಂತೆ ನೋಡುತ್ತಿದ್ದಳು. ಮೇಡಂ ಅವಳಿಗೆ ಹೇಳಿದರು: "ನಾವು ಹುಡುಕ್ತಿರೋದು ಮೊಟ್ಟಮೊದಲ ನಕ್ಷತ್ರಗಳ ಗುರುತು. ಬೇಕು ಬೇಕು ಅಂತ ಕೂತೋರ ಕಣ್ಣಿಗೆ ಅದು ಎಲ್ಲಿ ಬೇಕಾದ್ರೂ ಕಾಣುತ್ತೆ. ಅದಕ್ಕೆ ನಾನು ಒಂದೊಂದು ವರ್ಷ ಸುಳ್ಳು ಗುರುತು ಬೆರೆಸ್ತೀನಿ, ಒಂದೊಂದು ವರ್ಷ ಬೆರೆಸಲ್ಲ. ಯಾವುದು ಅಂತ ಈ ಲಕೋಟೇಲಿದೆ. ಏಪ್ರಿಲ್ ತನಕ ಯಾರೂ ಕೇಳಂಗಿಲ್ಲ. ಗೊತ್ತಿದ್ದೋರು ಹೌದು ಅನ್ನಂಗಿಲ್ಲ, ಇಲ್ಲ ಅಂತಲೂ ಅನ್ನಂಗಿಲ್ಲ."

ಬೇಕು ಬೇಕು ಅಂತ ಕೂತೋರು ಎನ್ನುವಾಗ ಅವರು ನನ್ನ ಕಡೆಗೇ ನೋಡಿದರು. ಉಳಿದವರೂ ನೋಡಿದರು. ಎರಡು ವರ್ಷವಾದರೂ ಯಾರೂ ಮರೆತಿಲ್ಲ. ಈ ಸಲವೂ ಎಡವಿದರೆ ನನ್ನನ್ನು ಈ ಕೆಲಸದಿಂದ ತೆಗೆದು ಗ್ರಂಥಾಲಯದ ಮೇಲ್ವಿಚಾರಣೆಗೆ ಹಾಕುತ್ತಾರಂತೆ. ಹಾಗೆಂದು ಬಾಯಿಬಿಟ್ಟು ಹೇಳಿದ್ದಾರೆ.

ತಪ್ಪು ತಿಳಿಯಬೇಡ, ಆಂಟೆನಾ ಕೆಳಗೆ ಹಾಸಿದ ನೆಲದ ಜಾಲರಿಯ ಬೆಸುಗೆಗಳನ್ನು ಒಮ್ಮೆ ನೋಡು. ಅದರಲ್ಲೂ ಈಶಾನ್ಯ ಮೂಲೆಯದು. ರಜೆಯಲ್ಲಿ ಪೇಟೆಗೆ ಬಂದಾಗ ಒಂದು ಫೋನ್ ಮಾಡು, ನಿನ್ನ ದನಿ ಕೇಳಿ ಏಳು ತಿಂಗಳಾಯಿತು.

ನಿನ್ನ ಲೆಕ್ಕಪ್ಪ


ಜನವರಿ 21

ಲೆಕ್ಕಪ್ಪನವರೇ,

ಕಾಲುಚೀಲ ಬೆಚ್ಚಗಿದೆ. ಒಂದು ಹಸಿರು, ಒಂದು ನೀಲಿ. ಆಕಾಶದ ಲೆಕ್ಕ ಹಾಕುವವನಿಗೆ ನನ್ನ ಎರಡು ಕಾಲಿನ ಲೆಕ್ಕ ತಪ್ಪಿತು.

ನಾನೂರ ಎಂಬತ್ತು ಬೆಸುಗೆಗಳನ್ನೂ ಮಂಡಿಯೂರಿ, ಮೇಲಿನ ಮಣ್ಣು ಸರಿಸಿ ನೋಡಿದೆ. ಎರಡು ದಿನ ಹಿಡಿಯಿತು. ಒಂದೂ ಬಿಟ್ಟಿಲ್ಲ. ನಿನಗೆ ಆ ಈಶಾನ್ಯ ಮೂಲೆಯ ಮೇಲೆ ವಿಶೇಷ ಪ್ರೀತಿ ಇರುವುದರಿಂದ ಅದನ್ನು ಎರಡು ಸಲ ನೋಡಿದೆ. ಆಂಟೆನಾ ತನ್ನ ನಾಲ್ಕು ಕಾಲ ಮೇಲೆ, ಊಟಕ್ಕೆ ಯಾರೂ ಬಾರದ ಮೇಜಿನ ಹಾಗೆ, ಸುಮ್ಮನೆ ನಿಂತಿದೆ. ಅಳತೆ ಕೆಡದಿರಲೆಂದು ಬೇಲಿಯೊಳಗೆ ಮೊಬೈಲ್ ಇಲ್ಲ, ರೇಡಿಯೋ ಇಲ್ಲ, ಕಿಡಿ ಹಾರಿಸುವ ಲೈಟರ್ ಕೂಡ ಇಲ್ಲ. ಒಲೆಗೆ ಕಡ್ಡಿ ಗೀರುತ್ತೇನೆ. ನೀನು ಕೇಳುವ ಮೊದಲೇ ಹೇಳಿದ್ದೇನೆ.

ಲಾರಿಯವನಿಗೆ ಸ್ವಲ್ಪ ಬುದ್ಧಿ ಹೇಳು. ಹೋದ ಸಲ ಹಾರ್ನ್ ಕೂಡ ಹೊಡೆಯದೆ ಸೀದಾ ಬಂದು ನನ್ನ ಬೆನ್ನ ಹಿಂದೆ ನಿಂತ. ತಿರುಗಿ ನೋಡಿದ್ದೇ ತಡ, ಕೈಯಲ್ಲಿದ್ದ ಟೀ ಎಲ್ಲ ಚೆಲ್ಲಿಹೋಯಿತು.

ಫೋನೆಲ್ಲ ಬೇಡ. ಬೂತಿನಲ್ಲಿ ಕಿರುಚಾಡುವುದು ನನಗೆ ಆಗದು. ಕಾಗದ ಬರಿ. ನಿನ್ನ ಅಕ್ಷರ ಕಾಗೆಕಾಲಾದರೂ ಓದಬಲ್ಲೆ.

ಅಕ್ಕ


ಫೆಬ್ರವರಿ 4

ಅಕ್ಕಾ,

ಸಿಕ್ಕಿದೆ. ಇಲ್ಲವೇ ಸಿಗುವ ಹಾಗೆ ಯಾರೋ ಮಾಡಿದ್ದಾರೆ.

ನೀನು ಕಳಿಸಿದ ಹದಿನಾಲ್ಕು ದಿನದ ಡಿಸ್ಕುಗಳನ್ನು ಸೇರಿಸಿ, ನಮ್ಮ ಗ್ಯಾಲಕ್ಸಿಯ ಸದ್ದನ್ನೆಲ್ಲ ಕಳೆದ ಮೇಲೆ ಗ್ರಾಫಿನ ಗೆರೆಯಲ್ಲಿ ಒಂದು ಗುಳಿ ಉಳಿಯಿತು. ಎಫ್‌ಎಂ ಹಾಡುಗಳು ಬರುವ ಜಾಗಕ್ಕಿಂತ ಸ್ವಲ್ಪ ಕೆಳಗೆ. ಇರಬೇಕಾದ ಜಾಗವೇ. ಸಮಾಧಾನಕ್ಕೆ ಪಾಠದ ಹಾಗೆ ನನಗೆ ನಾನೇ ಹೇಳಿಕೊಂಡೆ, ನಿನಗೂ ಹೇಳುತ್ತೇನೆ. ಮೊದಲು ಇದ್ದದ್ದು ಬರೀ ಕತ್ತಲು, ತಣ್ಣನೆಯ ಹೈಡ್ರೋಜನ್. ಅದು ತನ್ನದೇ ಭಾರಕ್ಕೆ ಅಲ್ಲಲ್ಲಿ ಕುಸಿದು ಉಂಡೆಗಟ್ಟಿತು. ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಸೂರ್ಯನ ನೂರಾರು ಪಟ್ಟು ತೂಕ, ಆಯಸ್ಸು ಮಾತ್ರ ಇಪ್ಪತ್ತು ಮೂವತ್ತು ಲಕ್ಷ ವರ್ಷ. ಅವುಗಳ ಬೆಳಕು ತಾಗಿದ ಅನಿಲ, ಹಿಂದಿನಿಂದ ಬರುತ್ತಿದ್ದ ರೇಡಿಯೋ ಅಲೆಯನ್ನು ಚೂರು ಹೀರಿಕೊಂಡಿತು. ಗುಳಿಯ ಎಡದ ಅಂಚು ಎಂದರೆ ಅದೇ. ಆಮೇಲೆ ಆ ನಕ್ಷತ್ರಗಳು ಸತ್ತು ಕಪ್ಪುರಂಧ್ರಗಳಾದವು. ಸುತ್ತಲಿನದನ್ನು ನುಂಗುತ್ತಾ ಎಕ್ಸ್‌ರೇ ಕಾರಿದವು. ಅನಿಲ ಕಾದು, ಹೀರುವುದನ್ನು ನಿಲ್ಲಿಸಿತು. ಬಲದ ಅಂಚು ಅದು. ಅಷ್ಟು ಹೊತ್ತಿಗೆ ಉಳಿದವೆಲ್ಲ ಗುಂಪು ಸೇರಿ ಮರಿ ಗ್ಯಾಲಕ್ಸಿಗಳಾಗುತ್ತಿದ್ದವು. ಸಾವಿರದ ಮುನ್ನೂರು ಕೋಟಿ ವರ್ಷಕ್ಕೂ ಹಳೆಯ ಕಥೆ, ನನ್ನ ಮೇಜಿನ ಮೇಲೆ ಒಂದು ಬೆರಳಗಲ.

ನಿಜವಿದ್ದರೆ! ನಾಲ್ಕು ವರ್ಷದ ಹಿಂದೆ ಮೇಡಂ ಸುಳ್ಳು ಗುರುತು ಬೆರೆಸಿದ್ದು ನಿನ್ನ ಕೈಯಿಂದಲೇ ಎಂಬುದನ್ನು ನಾನು ಮರೆತಿಲ್ಲ. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯನ್ನು ತಗಡಿನ ಕೋಣೆಯಲ್ಲಿರುವ ಅಳತೆಯ ಯಂತ್ರಕ್ಕೆ ಸಿಕ್ಕಿಸಿ, ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಎರಡು ಸಣ್ಣ ಪ್ರಶ್ನೆ. ತಗಡಿನ ಕೋಣೆಯ ಬಾಗಿಲ ಎಣಿಕೆ ಹದಿನಾಲ್ಕು ದಿನಕ್ಕೆ ಅರವತ್ತೊಂದು ತೋರಿಸುತ್ತಿದೆ. ಡಿಸ್ಕು ಬದಲಿಸಲು ದಿನಕ್ಕೆ ಒಂದು ಸಲ ಸಾಕಲ್ಲವೇ? ದಿನಚರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿಗಳು ಏನು? ಮೂರು, ಮೂರು, ನಾಲ್ಕು, ಹೀಗೆ. ಕಾರ್ಬನ್ ಪ್ರತಿಯಲ್ಲಿ ಮಸುಕಾಗಿ ಬಿದ್ದಿವೆ.

ಸುಮ್ಮನೆ ಕೇಳಿದೆ.

ತಮ್ಮ


ಫೆಬ್ರವರಿ 18

ತಮ್ಮನಿಗೆ,

ಸುಮ್ಮನೆ ಕೇಳಿದವನು ಎರಡು ಪುಟ ಬರೆಯುವುದಿಲ್ಲ.

ಎರಡು ವರ್ಷದ ಹಿಂದೆಯೂ ಹೀಗೇ ಶುರುವಾಯಿತು. ಗುಳಿ ಸಿಕ್ಕಿತು, ಪೇಪರಿನಲ್ಲಿ ನಿನ್ನ ಫೋಟೋ ಬಂತು, ಬೇರೆಯವರು ಅಳೆದಾಗ ಏನೂ ಕಾಣಲಿಲ್ಲ. ಆಮೇಲೆ ನೀನು ಬರೆದ ತಿದ್ದುಪಡಿಯಲ್ಲಿ "ಜಾಲರಿಯ ಈಶಾನ್ಯ ಮೂಲೆಯ ಬೆಸುಗೆ ಬಿಟ್ಟಿದ್ದರಿಂದ" ಎಂದಿತ್ತು. ಬೆಸೆದವಳು ನಾನು. ಈಗ ಇನ್ನೂ ಏನೂ ಆಗಿಲ್ಲ, ಆಗಲೇ ನನ್ನ ತಲೆಯ ಮೇಲೆ ಕೂರಿಸಲು ಗೂಬೆ ಹುಡುಕುತ್ತಿದ್ದೀಯ ಎನ್ನಿಸಿತು. ತಪ್ಪಿದ್ದರೆ ಹೇಳು.

ಬಾಗಿಲು ತೆರೆದದ್ದು ನಿಜ. ಎಷ್ಟು ಸಲ ಎಂದು ಬರೆದು ಕಳಿಸಿದವಳೂ ನಾನೇ. ಅಂಚಿನ ಅಂಕಿ ನನ್ನ ಸ್ವಂತದ್ದು, ಅಳತೆಗೂ ಅದಕ್ಕೂ ಸಂಬಂಧವಿಲ್ಲ. ಪೆಟ್ಟಿಗೆಯ ಮಾತು ಎತ್ತಲೇಬೇಡ. ಹೌದು ಅನ್ನಬಾರದು, ಇಲ್ಲ ಅನ್ನಬಾರದು. ನಿಯಮ ನಿನಗೂ ಗೊತ್ತು.

ಇಲ್ಲಿ ಗಾಳಿ ಜೋರಾಗಿದೆಯಂತೆ. ಬೇಲಿಯ ತಗಡೊಂದು ಬಿಚ್ಚಿಕೊಂಡು ದಿನವಿಡೀ ಬಡಿದುಕೊಳ್ಳುತ್ತಿತ್ತು ಎಂದು ಲಾರಿಯವನು ತೋರಿಸಿದ ಮೇಲೆ ಬಿಗಿದೆ.

ಅಕ್ಕ


ಮಾರ್ಚ್ 4

ಅಕ್ಕ,

ಬಿಚ್ಚಿದ ತಗಡು ದಿನವಿಡೀ ಬಡಿದುಕೊಂಡರೂ ನೀನು ನೋಡಲಿಲ್ಲ ಎಂದರೆ ನೀನು ಎಲ್ಲಿದ್ದೆ? ನಾನೇ ಹೇಳುತ್ತೇನೆ, ತಗಡಿನ ಕೋಣೆಯಲ್ಲಿ. ಲಾರಿಯವನನ್ನು ಕೂರಿಸಿ ಕೇಳಿದೆ. "ನಾನು ಹತ್ತು ನಿಮಿಷ ಹಾರ್ನ್ ಹೊಡೀತೀನಿ ಸಾರ್, ಅಕ್ಕಾವ್ರು ಬರೋದೇ ಇಲ್ಲ. ಒಳಗೆ ಬಾಗ್ಲು ಹಾಕ್ಕೊಂಡಿರ್ತಾರೆ. ಆಚೆ ಬಂದ್ರೆ ಏನೋ ಕದ್ದು ಸಿಕ್ಕಿಬಿದ್ದೋರ ಥರ ಮುಖ" ಎಂದ. ಅವನು ಹಾರ್ನೇ ಹೊಡೆಯುವುದಿಲ್ಲ ಎಂದು ನೀನು ಬರೆದಿದ್ದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಅವನಿಗೆ ಸುಳ್ಳು ಹೇಳಿ ಆಗಬೇಕಾದದ್ದೇನೂ ಇಲ್ಲ.

ಬಾಗಿಲು ಹೆಚ್ಚು ತೆರೆದ ದಿನಗಳನ್ನೂ ಕಡಿಮೆ ತೆರೆದ ದಿನಗಳನ್ನೂ ಬೇರೆಬೇರೆ ಮಾಡಿ ನೋಡಿದೆ. ಎರಡರಲ್ಲೂ ಗುಳಿ ಒಂದೇ ತರ. ನಿನ್ನ ಓಡಾಟಕ್ಕೂ ಗುಳಿಗೂ ಸಂಬಂಧವಿಲ್ಲ ಎಂದು ಯಾರಾದರೂ ಹೇಳಬಹುದು. ನನಗೆ ತೋರಿದ್ದು ಬೇರೆ. ಪೆಟ್ಟಿಗೆ ಮೊದಲ ದಿನದಿಂದಲೇ ಸಿಕ್ಕಿಸಿದೆ, ನೀನು ಅದರ ಗುಂಡಿ ತಿರುಗಿಸಲು ಮಾತ್ರ ಹೋಗುತ್ತೀಯ. ಅಂಚಿನ ಅಂಕಿ ಮೂರರಿಂದ ಆರಕ್ಕೆ ಏರಿದೆ. ಕೆಳಗೆ ಒಮ್ಮೆಯೂ ಇಳಿದಿಲ್ಲ. ಗುಂಡಿಯ ಅಂಕಿಯಲ್ಲದೆ ಮತ್ತೇನು? ಮೇಡಂ ಕಂಪ್ಯೂಟರ್ ಮುಟ್ಟಿ ಎಷ್ಟೋ ವರ್ಷವಾಯಿತು, ಅವರೇ ಕೂತು ಬೆರೆಸಿರಲಾರರು.

ಏಪ್ರಿಲ್‌ನಲ್ಲಿ ನಾನು ಎಲ್ಲರೆದುರು ನಿಂತು ಇದು ಆಕಾಶದ್ದು ಎನ್ನಬೇಕು, ಇಲ್ಲವೇ ಅಲ್ಲ ಎನ್ನಬೇಕು. ಎರಡನೇ ಸಲ ನಗೆಪಾಟಲಾಗಲು ನನ್ನ ಕೈಲಿ ಆಗದು. ನೀನು ಬಾಯಿ ಬಿಡುವುದು ಬೇಡ. ಪೆಟ್ಟಿಗೆ ಸಿಕ್ಕಿಸಿದ್ದರೆ ನಿನ್ನ ಕಾಗದದ ಕೆಳಗಿನ ಬಲಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಡು. ಇಲ್ಲದಿದ್ದರೆ ಬೇಡ. ಯಾರಿಗೂ ತಿಳಿಯದು. ಲಾರಿ ಒಂದು ಗಂಟೆ ನಿಲ್ಲುತ್ತದೆ, ಅದರಲ್ಲೇ ಕೊಟ್ಟು ಕಳಿಸು.

ತಮ್ಮ


ಮಾರ್ಚ್ 5, ಲಾರಿ ನಿಂತಿರುವಾಗ

ಕಾಗದದ ಕೆಳಗಿನ ಬಲಮೂಲೆಯನ್ನು ಕತ್ತರಿಯಿಂದ ಕತ್ತರಿಸಿದ್ದೇನೆ. ಎಲ್ಲೋ ಕೈತಪ್ಪಿ ಪೆನ್ಸಿಲ್ ತಾಗಿದ್ದರೆ ನೀನು ಅದನ್ನೂ ಓದಿಬಿಡುತ್ತೀಯ.

ಇಂಥ ಮಾತನ್ನು ನನಗೆ ಬರೆಯಬಾರದಿತ್ತು ಕಣೋ.


ಮಾರ್ಚ್ 18

ಕೇಂದ್ರದ ಉಸ್ತುವಾರಿಯವರಿಗೆ,

ತಗಡಿನ ಕೋಣೆಯ ಬಾಗಿಲು, ದಿನಚರಿಯ ಅಂಚಿನ ಅಂಕಿಗಳು ಮತ್ತು ಲಾರಿ ಚಾಲಕರ ಹೇಳಿಕೆಯ ಬಗ್ಗೆ ದೊಡ್ಡ ಮೇಡಂ ಅವರಿಗೆ ಲಿಖಿತವಾಗಿ ತಿಳಿಸಿದ್ದೇನೆ. ಮುಂದಿನ ಲಾರಿಯಲ್ಲಿ ತಪಾಸಣೆಯವರು ಬರುತ್ತಾರೆ. ದಯವಿಟ್ಟು ಸಹಕರಿಸಬೇಕು.

ಕತ್ತರಿಸಿದ ಮೂಲೆಯನ್ನೂ ನಾನು ಓದಿದೆ. ಚುಕ್ಕಿ ಇಡುವ ಪ್ರಸಂಗ ಇಲ್ಲದಿದ್ದರೆ ಮೂಲೆಯನ್ನು ಯಾಕೆ ಕತ್ತರಿಸುತ್ತಿದ್ದೆ?

ಲೆಕ್ಕ ವಿಭಾಗ


ಏಪ್ರಿಲ್ 3
ಚಿಕ್ಕಮ್ಮನ ಮನೆ

ಲೆಕ್ಕ ವಿಭಾಗದವರಿಗೆ,

ತಪಾಸಣೆ ಮುಗಿಯಿತು. ಪೆಟ್ಟಿಗೆ ಸಿಗಲಿಲ್ಲ. ನನ್ನ ಬಳಿ ಇರಲಿಲ್ಲ. ಈಗ ನಾನು ಅಲ್ಲಿ ಕೆಲಸದಲ್ಲಿಲ್ಲ, ಹಾಗಾಗಿ ಹೇಳಬಹುದು.

ತಪಾಸಣೆಯವರಿಗೆ ಸಿಕ್ಕಿದ್ದು ಬೇರೆ. ಕೋಣೆಯ ಕಪಾಟಿನಲ್ಲಿ ಗೋಡಂಬಿಯ ಆಕಾರದ ಒಂದು ವಸ್ತು. ಅದನ್ನು ಚಿಮಟದಲ್ಲಿ ಹಿಡಿದು "ಇದೇನು?" ಎಂದರು.

"ಕಿವಿ" ಎಂದೆ.

"ಏನಂದ್ರಿ?"

"ನನ್ನ ಕಿವಿ ಸ್ವಾಮಿ, ತೆಗೆದಿಟ್ಟಿದ್ದೆ. ಸ್ವಲ್ಪ ಗಟ್ಟಿಯಾಗಿ ಮಾತಾಡಿ."

ನನಗೆ ಕಿವಿ ಹೋಗುತ್ತಿದೆ. ಒಂದೂವರೆ ವರ್ಷವಾಯಿತು. ಕಾವಲಿನವರಿಗೆ ಕಿವಿ ಚೆನ್ನಾಗಿರಬೇಕು ಎಂಬ ನಿಯಮವಿದೆ, ಜನರೇಟರ್ ಕೆಟ್ಟರೆ ಸದ್ದಿನಿಂದಲೇ ತಿಳಿಯಬೇಕು. ಗೊತ್ತಾದರೆ ಕಳಿಸಿಬಿಡುತ್ತಾರೆ ಎಂದು ಮುಚ್ಚಿಟ್ಟೆ. ಅದು ತಪ್ಪೇ. ನಿನಗೂ ಹೇಳಲಿಲ್ಲ, ಯಾಕೆಂದರೆ ನೀನು ಹೇಳದೆ ಇರಲಾರೆ. ಡಾಕ್ಟರು ಕೊಟ್ಟ ಕಿವಿಯಂತ್ರ ತಾನೇ ಸಣ್ಣ ರೇಡಿಯೋ ಅಲೆ ಬಿಡುತ್ತದೆ. ಬಯಲಿನಲ್ಲಿ ಹಾಕಿಕೊಂಡರೆ ನಿನ್ನ ಗೆರೆ ಹಾಳಾಗುತ್ತದೆ ಎಂದು ಒಂದು ದಿನವೂ ಹೊರಗೆ ಹಾಕಲಿಲ್ಲ. ತಗಡಿನ ಕೋಣೆಯಿಂದ ಅಲೆ ಆಚೆ ಹೋಗುವುದಿಲ್ಲ. ಅದಕ್ಕೆ ಬಾಗಿಲು ಹಾಕಿಕೊಂಡು ಒಳಗೆ ಹಾಕಿಕೊಳ್ಳುತ್ತಿದ್ದೆ. ತೆಗೆಯದೆ ಬಾಗಿಲು ತೆರೆದವಳಲ್ಲ. ಲಾರಿಯವನು ಹಾರ್ನ್ ಹೊಡೆದದ್ದು ನಿಜವಿರಬೇಕು, ಪಾಪ.

ಒಳಗೆ ಏನು ಮಾಡುತ್ತಿದ್ದೆ ಎಂದೂ ಕೇಳು. ಯಂತ್ರದ ಪಕ್ಕದಲ್ಲಿ ಪರೀಕ್ಷೆಯ ಹಳೆಯ ಸ್ಪೀಕರ್ ಇದೆಯಲ್ಲ, ಅದರಲ್ಲಿ ಆಕಾಶವನ್ನು ಕೇಳುತ್ತಿದ್ದೆ. ಸೊಯ್ಯ್ ಎಂದು ಒಂದೇ ಸಮ, ನಲ್ಲಿ ಬಿಟ್ಟ ಹಾಗೆ. ಮೊದಲು ಬರಿಗಿವಿಯಲ್ಲಿ, ಸ್ಪೀಕರಿನ ಗುಂಡಿಯನ್ನು ಎಷ್ಟಕ್ಕೆ ತಿರುಗಿಸಿದರೆ ಕೇಳಿಸಲು ಶುರುವಾಗುತ್ತದೆ ಎಂದು ನೋಡಿ ಅಂಚಿನಲ್ಲಿ ಬರೆಯುತ್ತಿದ್ದೆ. ಆಕಾಶದ ಸದ್ದು ತಿಂಗಳಿಂದ ತಿಂಗಳಿಗೆ ಬದಲಾಗುವುದಿಲ್ಲ. ಬದಲಾದದ್ದು ನನ್ನ ಕಿವಿ. ಮೂರು, ನಾಲ್ಕು, ಆರು. ಕೊನೆಯ ದಿನ ಎಂಟು. ನಿನ್ನ ಗುಂಡಿಯ ಅಂಕಿ ಅದು. ಊಹೆ ಅರ್ಧ ಸರಿಯಾಗಿತ್ತು.

ಆರರ ಮೇಲೆ ಹತ್ತರ ತನಕ ನಾಲ್ಕೇ ಮನೆ ಉಳಿದಿವೆ ಎಂದು ಎಣಿಸುತ್ತಿದ್ದ ಹೊತ್ತಿಗೆ ನಿನ್ನ ಚುಕ್ಕಿಯ ಕಾಗದ ಬಂತು. ಅವತ್ತು ಅತ್ತೆ.

ಮನೆಗೆ ಬರಬೇಡ. ಚಿಕ್ಕಮ್ಮನಿಗೆ ರಜೆ ಎಂದು ಹೇಳಿದ್ದೇನೆ.

ಕೇಂದ್ರದ ಮಾಜಿ ಉಸ್ತುವಾರಿ


ಏಪ್ರಿಲ್ 29
ಕೇಂದ್ರ

ಅಕ್ಕಾ,

ಚಿಕ್ಕಮ್ಮನ ಮನೆ ಬಾಗಿಲಿಗೆ ಮೂರು ಸಲ ಬಂದೆ. ಮೂರು ಸಲವೂ ಬೆಲ್ ಒತ್ತಿ, ನಿನಗೆ ಕೇಳಿಸುವುದಿಲ್ಲ ಎಂದು ನೆನಪಾಗಿ, ಕೇಳಿಸಿದರೂ ನೀನು ತೆರೆಯಲಾರೆ ಎಂದುಕೊಂಡು ವಾಪಸು ಹೋದೆ.

ಆಕಾಶದ್ದೋ ಅಲ್ಲವೋ ಹೇಳಲಾರೆ ಎಂದು ಎಲ್ಲರೆದುರು ಒಪ್ಪಿಕೊಂಡೆ. ಲಕೋಟೆ ಒಡೆದರು. ಗುಳಿ ಸುಳ್ಳು. ಬೆರೆಸಿದ್ದು ಮೇಡಂ ಅವರೇ, ನಿನ್ನ ಡಿಸ್ಕುಗಳ ಪ್ರತಿ ಮಾಡುವಾಗ, ಅವರದೇ ಕಂಪ್ಯೂಟರಿನಲ್ಲಿ. ಮೊಮ್ಮಗಳ ಕೈಲಿ ಕಲಿತರಂತೆ. ಮೂಲದಲ್ಲಿ ಗೆರೆ ಸಪಾಟಾಗಿದೆ, ಮೊದಲ ನಕ್ಷತ್ರಗಳು ಈ ವರ್ಷವೂ ಸಿಗಲಿಲ್ಲ. ನಾನು ಆಳ, ಅಗಲ, ಎರಡು ಅಂಚು ಎಲ್ಲವನ್ನೂ ಸರಿಯಾಗಿ ಹಿಡಿದಿದ್ದೇನೆ ಎಂದು ಎಲ್ಲರೆದುರು ಹೊಗಳಿದರು. ಚಪ್ಪಾಳೆ ತಟ್ಟಿದರು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಆಮೇಲೆ ಮೇಡಂ ಒಳಗೆ ಕರೆದು "ಅಲ್ಲಿ ಈಗ ಯಾರೂ ಇಲ್ಲ. ದೂರು ಕೊಟ್ಟೋರು ನೀವೇ, ಬೇರೆಯೋರು ಸಿಗೋ ತನಕ ನೀವೇ ಹೋಗಿ" ಎಂದರು. ಬಂದೆ.

ನಿನ್ನ ಕೊಠಡಿಯಲ್ಲಿದ್ದೇನೆ. ಗೋಡೆಗೆ ಚಿತ್ರವೇನೂ ಇಲ್ಲ. ಹಗಲು ಉದ್ದ, ಮಾತಾಡಲು ಯಾರೂ ಇಲ್ಲ. ನಿನ್ನೆ ಬೆಳಗ್ಗೆ ಗುದ್ದಲಿ ತೆಗೆದುಕೊಂಡು ಈಶಾನ್ಯ ಮೂಲೆಯ ಮಣ್ಣು ಬಿಡಿಸಿದೆ. ಎರಡು ವರ್ಷದ ಹಿಂದೆ ನಾನು ಬಿಟ್ಟಿದೆ ಎಂದು ಬರೆದ ಬೆಸುಗೆ. ಅದರ ಮೇಲೆ ಯಾರೂ ಮತ್ತೆ ಬೆಸೆದ ಗುರುತಿಲ್ಲ. ಮೊದಲು ಹಾಕಿದ್ದೇ ಇದೆ, ಗಟ್ಟಿಯಾಗಿದೆ. ಗುದ್ದಲಿಯ ಹಿಂಬದಿಯಿಂದ ಹೊಡೆದೆ, ಅಲುಗಲಿಲ್ಲ.

ನಾನೂ ಒಂದು ಮುಚ್ಚಿಟ್ಟಿದ್ದೇನೆ ಅಕ್ಕಾ. ಯಂತ್ರ ಬಿಸಿಲಿಗೆ ಕಾದಾಗ ಒಂದು ತರ, ಚಳಿಗೆ ಒಂದು ತರ ಅಳೆಯುತ್ತದೆ, ಅದನ್ನು ಸರಿದೂಗಿಸಲು ಎರಡು ಬೇರೆ ಕೋಷ್ಟಕಗಳಿವೆ. ಆ ವರ್ಷ ಬೇಸಿಗೆಯ ಅಳತೆಗೆ ನಾನು ಚಳಿಗಾಲದ ಕೋಷ್ಟಕ ಹಾಕಿದ್ದೆನೇನೋ ಎಂಬ ಅನುಮಾನ ಅವತ್ತೇ ಬಂದಿತ್ತು. ತೆಗೆದು ನೋಡಲು ಹೆದರಿದೆ. ಬೆಸುಗೆ ಬಿಟ್ಟಿರಬಹುದು ಎಂದು ಯಾರೋ ಅಂದರು, ನಾನು "ಬಿಟ್ಟಿದೆ" ಎಂದು ಬರೆದುಬಿಟ್ಟೆ. ನಿನ್ನ ಮೇಲೆ ಇಷ್ಟೆಲ್ಲ ಅನುಮಾನಪಟ್ಟವನು, ನನ್ನ ಮೇಲೆ ಬಂದ ಒಂದೇ ಒಂದು ಅನುಮಾನವನ್ನು ಅಲ್ಲಿಗೇ ಮುಚ್ಚಿದೆ.

ಬೆಸುಗೆ ಗಟ್ಟಿಯಿರುವುದು ನಿನಗೆ ಗೊತ್ತಿತ್ತಾ?

ತಮ್ಮ


ಮೇ 13

ತಮ್ಮನಿಗೆ,

ಗೊತ್ತಿತ್ತು. ನಿನ್ನ ತಿದ್ದುಪಡಿಯ ಪ್ರತಿ ಬಂದ ದಿನವೇ ಅಗೆದು ನೋಡಿದ್ದೆ. ಕೊಠಡಿಯಲ್ಲೇ ಇದ್ದೀಯಲ್ಲ, ಮಂಚದ ಕೆಳಗಿನ ಟ್ರಂಕಿನಲ್ಲಿ ಆ ವರ್ಷದ ದಿನಚರಿ ಇದೆ. ಜೂನ್ ಒಂಬತ್ತು ತೆಗೆ. "ಈಶಾನ್ಯ ಬೆಸುಗೆ ಅಗೆದು ನೋಡಲಾಯಿತು. ಸರಿಯಿದೆ." ಅಂಚಿನಲ್ಲಲ್ಲ, ನಡುಪುಟದಲ್ಲಿ, ಶಾಯಿಯಲ್ಲಿ. ಅದರ ಪ್ರತಿ ನಿನ್ನ ಮೇಜಿಗೂ ಬಂದಿತ್ತು.

ಓದಿದ್ದೀಯ, ಓದಿಯೂ ಸುಮ್ಮನಿದ್ದೀಯ ಎಂದೇ ಇಷ್ಟು ದಿನ ತಿಳಿದಿದ್ದೆ. ನಿನ್ನ ಮಕ್ಕಳು ಚಿಕ್ಕವು, ಕೆಲಸ ಹೋದರೆ ಏನು ಮಾಡುತ್ತೀಯ, ನನಗಾದರೆ ಒಂದು ಬೈಗುಳದಲ್ಲಿ ಮುಗಿಯುತ್ತದೆ ಎಂದು ನಾನೂ ಸುಮ್ಮನಾದೆ. ಈಗ ಅನ್ನಿಸುತ್ತದೆ, ಅಲ್ಲೇ ಕೆಟ್ಟದ್ದು. ಅಕ್ಕನ ಮೇಲೆ ಹಾಕಿದರೆ ಅಕ್ಕ ಹೊರುತ್ತಾಳೆ ಎಂದು ನಿನಗೆ ಕಲಿಸಿದವಳು ನಾನೇ.

ಕಿವಿಯಂತ್ರ ಇಡೀ ದಿನ ಹಾಕಿಕೊಳ್ಳುತ್ತೇನೆ. ಚಿಕ್ಕಮ್ಮನ ಮಿಕ್ಸಿ, ಬೀದಿಯ ಬಸ್ಸು, ಪಕ್ಕದ ಮನೆಯ ಜಗಳ ಎಲ್ಲವೂ ಕೇಳಿಸುತ್ತದೆ. ಆಕಾಶ ಒಂದು ಕೇಳಿಸುವುದಿಲ್ಲ. ನಿನಗೆ ಕ್ಷಮೆ ಬೇಕಿರಬಹುದು. ನನ್ನ ಬಳಿ ಸದ್ಯಕ್ಕೆ ಇಲ್ಲ, ಸುಳ್ಳು ಹೇಳಲಾರೆ.

ಜನರೇಟರ್ ಎಣ್ಣೆ ಹದಿನೈದು ದಿನಕ್ಕೊಮ್ಮೆ ನೋಡು.

ಅಕ್ಕ


ಮೇ 27
ಕೇಂದ್ರ

ಅಕ್ಕಾ,

ಜೂನ್ ಒಂಬತ್ತು ಓದಿದೆ. ಇದೇ ಮೊದಲ ಸಲ. ಇದನ್ನು ನೀನು ನಂಬದಿದ್ದರೂ ತಪ್ಪಿಲ್ಲ.

ಇದರ ಜೊತೆ ಇರುವುದು ದೊಡ್ಡ ಮೇಡಂ ಅವರಿಗೆ ಬರೆದ ಕಾಗದದ ಪ್ರತಿ. ಎರಡು ವರ್ಷದ ಹಿಂದಿನ ತಿದ್ದುಪಡಿ ಸುಳ್ಳು ಎಂದು ಬರೆದಿದ್ದೇನೆ. ನಿನ್ನ ದಿನಚರಿಯ ಸಾಲನ್ನು ಇದ್ದ ಹಾಗೇ ಇಳಿಸಿದ್ದೇನೆ. ಕೋಷ್ಟಕದ ವಿಷಯವನ್ನೂ, ನಿನ್ನ ಬಳಿ ಚುಕ್ಕಿ ಕೇಳಿದ್ದನ್ನೂ ಬಿಟ್ಟಿಲ್ಲ. ಮೂಲವನ್ನು ನಿನ್ನ ಕಾಗದ ತಂದ ಲಾರಿಯಲ್ಲೇ ಕಳಿಸಿಬಿಟ್ಟೆ. ಮೊದಲು ನಿನಗೆ ತೋರಿಸಿದ್ದರೆ ಮಕ್ಕಳು ಚಿಕ್ಕವು ಎಂದು ನೀನು ಮತ್ತೆ ತಡೆಯುತ್ತಿದ್ದೆ. ಗ್ರಂಥಾಲಯವೂ ಸಿಗಲಾರದು. ಇರಲಿ.

ದಿನಾ ಬೆಳಗ್ಗೆ ತಗಡಿನ ಕೋಣೆಗೆ ಹೋಗಿ ಸ್ಪೀಕರ್ ಹಚ್ಚುತ್ತೇನೆ. ಇಷ್ಟು ವರ್ಷ ಇದರ ಲೆಕ್ಕ ಹಾಕಿದೆ, ಒಮ್ಮೆಯೂ ಕೇಳಿರಲಿಲ್ಲ. ನಾವು ಹುಡುಕುವುದು ಈ ಸೊಯ್ಯ್‌ನಲ್ಲಿ ಸಾವಿರದಲ್ಲಿ ಒಂದು ಪಾಲೂ ಇಲ್ಲ. ಗುಂಡಿ ಒಂದಕ್ಕೆ ಇಟ್ಟರೂ ನನ್ನ ಕಿವಿಗೆ ಕೇಳಿಸುತ್ತದೆ. ಅಂಚಿನಲ್ಲಿ ನಿನ್ನ ಎಂಟರ ಕೆಳಗೆ ಒಂದು ಎಂದು ಬರೆಯಲು ಪೆನ್ಸಿಲ್ ಎತ್ತಿದೆ, ಬರೆಯಲಾಗಲಿಲ್ಲ. ಆ ಅಂಚು ನಿನ್ನದು.

ಲಾರಿ ಬಂದಿರಬೇಕು, ಗೇಟಿನಲ್ಲಿ ಹಾರ್ನ್ ಆಗುತ್ತಿದೆ. ತುಂಬಾ ಹೊತ್ತು ಹೊಡೆಯುತ್ತಾನೆ ಅಕ್ಕಾ, ಲಾರಿಯವನು. ನಿಜವಾಗಿಯೂ ತುಂಬಾ ಹೊತ್ತು.

ತಮ್ಮ